ತಾರಸಿಯ ಮೇಲೊಂದು ಮಾಡು

ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿದರೆ ಮನೆಗಳ ನೆತ್ತಿಯನ್ನು ಗಮನಿಸುತ್ತಾ ಹೋಗಿ. ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾರಿಯುದ್ದಕ್ಕೂ ಹೊಸ ಮನೆಗಳೆಲ್ಲ ತಾರಸಿಯವು. ಆ ತಾರಸಿಗಳ ಮೇಲೆ ಕಬ್ಬಿಣದ ಕಂಬ ನೆಟ್ಟು, ನೀಲಿಯದೋ ಹಸಿರಿನದೋ ತಗಡಿನ ಶೀಟು ಹೊದಿಸಿ, ಇಳಿಜಾರಾದ ಇನ್ನೊಂದು ಮಾಡು ಎಬ್ಬಿಸಿರುತ್ತಾರೆ. ಗುರುವಾಯನಕೆರೆಯಿಂದ ವೇಣೂರಿನ ಮೇಲಾಗಿ ಮೂಡುಬಿದಿರೆಗೆ ತಿರುಗಿದರೂ ಇದೇ ನೋಟ. ಹತ್ತು ಲಕ್ಷದ ಮನೆಗೂ ಕೋಟಿಯ ಮನೆಗೂ ಈ ವಿಷಯದಲ್ಲಿ ಭೇದವಿಲ್ಲ. ಒಂದು ಮನೆಗೆ ಎರಡು ಮಾಡು.

ಹೀಗೆ ಕಟ್ಟುವುದು ಯಾರ ಆಸೆಯೂ ಅಲ್ಲ. ಮೊದಲ ಎರಡು ಮೂರು ಮಳೆಗಾಲ ತಾರಸಿ ತಡೆಯುತ್ತದೆ. ಆಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಒದ್ದೆ ಕಾಣಿಸುತ್ತದೆ, ಗೋಡೆಯ ಬಣ್ಣ ಏಳುತ್ತದೆ, ಪಾಚಿ ಕಟ್ಟುತ್ತದೆ. ರಾಸಾಯನಿಕ ಬಳಿಸುತ್ತಾರೆ, ಮತ್ತೆ ಸಾರಣೆ ಮಾಡಿಸುತ್ತಾರೆ. ಕೊನೆಗೆ ವೆಲ್ಡಿಂಗಿನವರನ್ನು ಕರೆಸಿ ಶೀಟು ಹಾಕಿಸುತ್ತಾರೆ. ಈಗಂತೂ ಮನೆ ಒಕ್ಕಲಿನ ಮೊದಲೇ ಶೀಟು ಹಾಕಿಸುವವರಿದ್ದಾರೆ. ನೆರೆಮನೆಯವರ ಅನುಭವ ಅವರ ಕಣ್ಣೆದುರಿಗೇ ಇದೆ.

ಕಾರಣ ಗೊತ್ತಿರುವುದೇ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದ ಬುಡದ ಚಾರ್ಮಾಡಿ, ದಿಡುಪೆ ಕಡೆಗೆ ಇನ್ನೂ ಜಾಸ್ತಿ. ಬರ್ಲಿನ್ ಮತ್ತು ಲಂಡನ್ ನಗರಗಳಲ್ಲಿ ಇಡೀ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಮಳೆಯ ಊರೆನಿಸಿದ ಟೋಕಿಯೋದಲ್ಲಿ ಸಾವಿರದೈನೂರರ ಹತ್ತಿರ. ದುಬೈಯಲ್ಲಿ ನೂರು ದಾಟಿದರೆ ಒಳ್ಳೆಯ ವರ್ಷ. 2024ರ ಏಪ್ರಿಲ್ 16ರ ಮಳೆಗೆ ದುಬೈ ವಿಮಾನ ನಿಲ್ದಾಣ ಕೆರೆಯಾದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಆಗ ಅಲ್ ಐನ್ ಬಳಿಯ ಒಂದು ಕೇಂದ್ರದಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ದಾಖಲಾದದ್ದು 254 ಮಿಲಿಮೀಟರ್. ಆ ದೇಶದಲ್ಲಿ ಅಳತೆ ಶುರುವಾದ 1949ರಿಂದೀಚೆಗೆ ಅಷ್ಟು ಮಳೆ ಸುರಿದದ್ದಿಲ್ಲ. ಬೆಳ್ತಂಗಡಿಯ ಆಟಿ ತಿಂಗಳಿನಲ್ಲಿ ಅಂಥ ದಿನ ಬಂದರೆ ಜನ ಹೌಹಾರುವುದಿಲ್ಲ. ಶಾಲೆಗೆ ರಜೆ ಸಾರಿದ್ದಾರೆಯೇ ಎಂದು ಕೇಳುತ್ತಾರೆ.

ಅಂಥ ಮರಳುಗಾಡಿನ ನಾಡಿಗೆ ಚಪ್ಪಟೆ ತಾರಸಿ ಸಹಜವಾಗಿ ಒಗ್ಗುತ್ತದೆ. ಕೊಲ್ಲಿಯ ದೇಶಗಳಲ್ಲಿ ಮರವಿಲ್ಲ, ಮಳೆಯಿಲ್ಲ. ಕಾಂಕ್ರೀಟ್ ಬ್ಲಾಕಿನ ಗೋಡೆ, ಮೇಲೆ ಸ್ಲ್ಯಾಬು, ಅದರ ಮೇಲೆ ಬಿಸಿಲು ತಡೆಯುವ ಪದರ, ಒಳಗೆ ಹಗಲಿರುಳು ಎ.ಸಿ. ಅಲ್ಲಿನ ಸುಡುಬಿಸಿಲಿಗೆ ಅದು ಸರಿಯಾದ ಉತ್ತರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸಾವಿರಾರು ಮನೆಗಳು ಎದ್ದದ್ದು ಜುಬೈಲ್, ದಮ್ಮಾಮ್, ಮಸ್ಕತ್, ಕುವೈತ್, ದುಬೈಯ ದುಡಿಮೆಯಿಂದ. ಅಲ್ಲಿ ಎಷ್ಟು ವರ್ಷ ದುಡಿದರೂ ಮನೆ ಮಾಡಿಕೊಳ್ಳಲು ಬಹುಪಾಲು ದೇಶಗಳಲ್ಲಿ ಅವಕಾಶವೇ ಇರಲಿಲ್ಲ. ದುಬೈ ಕೂಡ ಹೊರದೇಶದವರಿಗೆ ಕೆಲವು ಬಡಾವಣೆಗಳಲ್ಲಿ ಸ್ವಂತ ಮನೆ ಕೊಳ್ಳಲು ಬಿಟ್ಟದ್ದು 2002ರಲ್ಲಿ. ಹಾಗಾಗಿ ಉಳಿತಾಯವೆಲ್ಲ ಊರಿನ ಮನೆಗೇ ಹರಿದು ಬಂತು. ಅಲ್ಲಿ ಕಂಡ ವಿಲ್ಲಾದ ಮುಖವೂ ಅದರ ಜೊತೆಗೆ ಬಂತು. ದೊಡ್ಡ ಗಾಜಿನ ಕಿಟಕಿ, ಸಜ್ಜೆಯಿಲ್ಲದ ಬೋಳು ಗೋಡೆ, ಸಮತಟ್ಟಾದ ನೆತ್ತಿ. ಇಲ್ಲಿನ ಇಂಜಿನಿಯರರೂ ಅದನ್ನೇ ಹೊಸ ಕಾಲದ ಮನೆಯೆಂದು ಬರೆದುಕೊಟ್ಟರು. ನಮ್ಮ ಮಳೆ ಗೋಡೆಗೆ ಓರೆಯಾಗಿ ಹೊಡೆಯುತ್ತದೆ ಎಂಬುದನ್ನು ನಕ್ಷೆಯಲ್ಲಿ ಯಾರೂ ಲೆಕ್ಕ ಹಿಡಿಯಲಿಲ್ಲ.

ಎರಡು ಮಾಡಿನ ಖರ್ಚನ್ನು ಒಮ್ಮೆ ಕೂಡಿಸಿ ನೋಡೋಣ. ಸಾವಿರ ಚದರಡಿಯ ಮನೆಗೆ ಐದು ಇಂಚು ದಪ್ಪದ ಸ್ಲ್ಯಾಬ್ ಹಾಕಿದರೆ ಅದರ ತೂಕವೇ ಹತ್ತಿರಹತ್ತಿರ ಮೂವತ್ತು ಟನ್. ಚದರ ಮೀಟರಿಗೆ ಮುನ್ನೂರು ಕಿಲೋಗಿಂತ ಹೆಚ್ಚು. ಅದನ್ನು ಹೊರಲು ತೊಲೆ ಬೇಕು, ಕಂಬ ಬೇಕು, ಪಂಚಾಂಗ ಗಟ್ಟಿಯಿರಬೇಕು. ಮಂಗಳೂರು ಹಂಚಿನ ಮಾಡಿಗೆ ಚದರ ಮೀಟರಿಗೆ ಹದಿನೈದರಷ್ಟು ಹಂಚು ಹಿಡಿಯುತ್ತದೆ; ಪಕ್ಕಾಸು, ರೀಪುಗಳನ್ನು ಸೇರಿಸಿದರೂ ಸ್ಲ್ಯಾಬಿನ ಕಾಲುಭಾಗದ ಭಾರ ಬರುವುದಿಲ್ಲ. ಅಷ್ಟು ಸಿಮೆಂಟು, ಕಬ್ಬಿಣ, ಜಲ್ಲಿ, ಮರಳು ಸುರಿದು ಕಟ್ಟಿದ ಸ್ಲ್ಯಾಬಿನ ಮೇಲೆ ಶೀಟಿನ ಮಾಡು ಬರುತ್ತದೆ. ಶೀಟು ಗೋಡೆಯಿಂದಾಚೆಗೂ ಚಾಚಬೇಕಾದ್ದರಿಂದ ಸಾವಿರ ಚದರಡಿಯ ಮನೆಗೆ ಸಾವಿರದ ಮುನ್ನೂರು ಚದರಡಿ ಹಿಡಿಯೋಣ. ಚದರಡಿಗೆ ಇನ್ನೂರು ರೂಪಾಯಿಯೆಂದು ಹಿಡಿದರೂ ಎರಡು ಲಕ್ಷ ಅರವತ್ತು ಸಾವಿರ. ಮನೆಸಾಲದ ಅಂದಾಜು ಪಟ್ಟಿಯಲ್ಲಿ ಈ ಹಣ ಸಾಮಾನ್ಯವಾಗಿ ಇರುವುದೇ ಇಲ್ಲ. ನಾಲ್ಕನೆಯ ವರ್ಷ ಅದು ಚಿನ್ನ ಅಡವಿಟ್ಟು ಬರುತ್ತದೆ.

ಪರದೇಶದಿಂದ ರಜೆಗೆ ಬಂದವರು ಒಕ್ಕಲಿನ ಊಟದ ಪಂಕ್ತಿಯಲ್ಲಿ ಕೂತಾಗ ಮನೆಯ ದರದ ಮಾತು ಬಂದೇ ಬರುತ್ತದೆ. ಅಮೆರಿಕದಲ್ಲಿ ಇಷ್ಟು, ಜರ್ಮನಿಯಲ್ಲಿ ಇಷ್ಟು, ಅದಕ್ಕೆ ಹೋಲಿಸಿದರೆ ಇಲ್ಲಿ ಏನೇನೂ ಅಲ್ಲ ಎಂದು ಮಾತು ಮುಗಿಯುತ್ತದೆ. ಆ ಲೆಕ್ಕವನ್ನು ಇನ್ನೊಂದಿಷ್ಟು ದೂರ ಒಯ್ಯಬೇಕು ಅನ್ನಿಸುತ್ತದೆ ನನಗೆ.

ಅಮೆರಿಕದ ಗೃಹನಿರ್ಮಾಣಗಾರರ ರಾಷ್ಟ್ರೀಯ ಸಂಘ 2024ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ ಜಾಗದ ಬೆಲೆ ಬಿಟ್ಟು ಬರೀ ಕಟ್ಟುವ ಖರ್ಚು ಚದರಡಿಗೆ ಸುಮಾರು 162 ಡಾಲರ್. ಅಂದಿನ ವಿನಿಮಯದಲ್ಲಿ ಹದಿಮೂರೂವರೆ ಸಾವಿರ ರೂಪಾಯಿ. ಆ ಮನೆ ಎಂಥದು? ಅಲ್ಲಿನ ಹೊಸ ಒಂಟಿಮನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮರದ ಚೌಕಟ್ಟಿನವು. ತೆಳು ಮರದ ಪಟ್ಟಿಗಳನ್ನು ಹದಿನಾರು ಇಂಚಿಗೊಂದರಂತೆ ನಿಲ್ಲಿಸಿ, ಹೊರಗೆ ಹಲಗೆ ಒಳಗೆ ಜಿಪ್ಸಮ್ ಬೋರ್ಡ್ ಹೊಡೆದು, ನಡುವಿನ ಸಂದಿಗೆ ಚಳಿ ತಡೆಯುವ ಉಣ್ಣೆಯಂಥ ವಸ್ತು ತುಂಬುತ್ತಾರೆ. ಕಾಡು ಧಾರಾಳವಾಗಿದ್ದು ಆಳಿನ ಕೂಲಿ ದುಬಾರಿಯಾದ ದೇಶದಲ್ಲಿ ಬೇಗ ಎಬ್ಬಿಸಬಹುದಾದ ಮನೆಯೇ ಅಗ್ಗ. ನಮ್ಮ ಹೆಬ್ಬೆರಳಿಂದ ಒತ್ತಿದರೆ ಬಗ್ಗುತ್ತದೇನೋ ಅನ್ನಿಸುವ ಆ ಗೋಡೆಗಳನ್ನು ಕಂಡು ಊರಿಂದ ಹೋದ ಅಪ್ಪ ಅಮ್ಮಂದಿರು ಕಂಗಾಲಾಗುತ್ತಾರೆ. ಆದರೆ ಅವು ಅಲ್ಲಿನ ಹಿಮವನ್ನು ತಲೆಮಾರುಗಟ್ಟಲೆ ತಾಳಿಕೊಂಡಿವೆ. ಇಲ್ಲಿಗೆ ತಂದು ನಿಲ್ಲಿಸಿದರೆ ಕೆಲವೇ ವರ್ಷಗಳಲ್ಲಿ ಒರಲೆ ಹಿಡಿದು ಮುಗಿಸುತ್ತದೆ.

ಜಪಾನಿನಲ್ಲೂ ಹೊಸ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮರದವು. ಭೂಕಂಪಕ್ಕೆ ಬಾಗಿ ಬಳುಕುವ ಗುಣ ಮರಕ್ಕಿದೆ ಎಂಬುದು ಒಂದು ಕಾರಣ. ನಮಗೆ ಒಗಟಾಗಿ ಕಾಣುವುದು ಆಯುಷ್ಯದ ಲೆಕ್ಕ: ಅಲ್ಲಿನ ತೆರಿಗೆ ನಿಯಮ ಮರದ ಮನೆಗೆ ಕಟ್ಟಿಕೊಟ್ಟಿರುವ ಬಾಳಿಕೆ 22 ವರ್ಷ. ಅದಾದ ಮೇಲೆ ಮನೆಗೆ ಬೆಲೆಯೇ ಇಲ್ಲವೆಂಬಂತೆ ಜಾಗಕ್ಕಷ್ಟೇ ದರ ಕಟ್ಟುತ್ತಾರೆ. ಕೊಂಡವರು ಹಲವೆಡೆ ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಾರೆ. ಮೊಮ್ಮಕ್ಕಳ ಮದುವೆಯೂ ಇದೇ ಅಂಗಳದಲ್ಲಿ ನಡೆಯಬೇಕೆಂದು ಮನೆ ಕಟ್ಟುವ ನಮ್ಮವರಿಗೆ ಇದು ಒಗ್ಗುವ ಮಾತಲ್ಲ.

ಜರ್ಮನಿಯ ಮನೆ ನಮ್ಮ ಸ್ವಭಾವಕ್ಕೆ ಹತ್ತಿರ. ದಪ್ಪ ಗೋಡೆ, ಹಂಚಿನ ಇಳಿಜಾರು ಮಾಡು, ಕೆಲವೆಡೆ ನೆಲಮಾಳಿಗೆ, ಮೂರು ಪದರದ ಗಾಜು. ಕಟ್ಟುವ ಖರ್ಚು ಈಚೆಗೆ ಚದರ ಮೀಟರಿಗೆ ಎರಡರಿಂದ ಮೂರು ಸಾವಿರ ಯೂರೋ. ನಡುವಿನ ಎರಡೂವರೆ ಸಾವಿರ ಹಿಡಿದರೆ ಚದರಡಿಗೆ 232 ಯೂರೋ, ಅಂದರೆ ಇಪ್ಪತ್ತು ಸಾವಿರ ರೂಪಾಯಿ ದಾಟಿತು. ಇದರ ಜೊತೆಗೆ ಜಾಗ ಕೊಳ್ಳುವಾಗ ರಾಜ್ಯಕ್ಕೊಂದು ದರದಂತೆ ಮೂರೂವರೆಯಿಂದ ಆರೂವರೆ ಶೇಕಡಾ ತೆರಿಗೆ ಬೇರೆ. ಆದರೆ ಅಲ್ಲಿ 2025ರಲ್ಲಿ ಕಾನೂನು ಗೊತ್ತುಪಡಿಸಿದ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಎಂಟು ಗಂಟೆಗೆ ನೂರರ ಮೇಲೆ. ಹಾಗಾದರೆ ಕೆಳಮಟ್ಟದ ಕೂಲಿಯವನಿಗೆ ಒಂದು ಚದರಡಿ ಮನೆ ಎರಡೂಕಾಲು ದಿನದ ದುಡಿಮೆ. ನಮ್ಮಲ್ಲಿ ಸಾಧಾರಣ ಮನೆಗೆ ಗುತ್ತಿಗೆದಾರರು ಹೇಳುವ ದರ ಈಗ ಚದರಡಿಗೆ ಎರಡು ಸಾವಿರದ ಆಚೀಚೆ. ಮೇಸ್ತ್ರಿಯ ಜೊತೆಗಿನ ಸಹಾಯಕನ ದಿನದ ಕೂಲಿ ಎಂಟುನೂರು ಎಂದಿಟ್ಟುಕೊಂಡರೆ ಒಂದು ಚದರಡಿಗೆ ಎರಡೂವರೆ ದಿನ. ಅಲ್ಲಿಯ ಚದರಡಿಯೊಳಗೆ ಚಳಿ ತಡೆಯುವ ಪದರ, ಬಿಸಿನೀರಿನ ಕೊಳವೆ, ಮೂರು ಪದರದ ಕಿಟಕಿ ಎಲ್ಲವೂ ಸೇರಿದೆ. ನಮ್ಮ ಚದರಡಿಯಲ್ಲಿ ಎರಡನೆಯ ಮಾಡು ಕೂಡ ಸೇರಿಲ್ಲ.

ದುಡಿಮೆಯ ದಿನಗಳಲ್ಲಿ ಅಳೆದರೆ ಪುಂಜಾಲಕಟ್ಟೆಯ ಮನೆ ಜರ್ಮನಿಯ ಮನೆಗಿಂತ ಅಗ್ಗವಲ್ಲ. ರೂಪಾಯಿಗೆ ಪರಿವರ್ತಿಸಿ ಸಮಾಧಾನಪಟ್ಟುಕೊಳ್ಳುವ ನಮ್ಮ ಅಭ್ಯಾಸ ಈ ಸತ್ಯವನ್ನು ಮುಚ್ಚಿಟ್ಟಿದೆ. ಇಲ್ಲಿ ದುಡಿದು ಇಲ್ಲೇ ಕಟ್ಟುವವನಿಗೆ, ಬೀಡಿ ಕಟ್ಟುವ ಹೆಂಗಸಿಗೆ, ರಿಕ್ಷಾ ಓಡಿಸುವವನಿಗೆ ಒಂದೊಂದು ಚದರಡಿಯೂ ಭಾರ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಸಿಗುವ ನೆರವು 1.20 ಲಕ್ಷ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ 269 ಚದರಡಿ. ಎರಡು ಸಾವಿರದ ದರದಲ್ಲಿ ಅದಕ್ಕೆ ಐದು ಲಕ್ಷ ಮೂವತ್ತೆಂಟು ಸಾವಿರ ಬೇಕು. ಉದ್ಯೋಗ ಖಾತರಿಯ ತೊಂಬತ್ತು ದಿನಗಳ ಕೂಲಿ ಸೇರಿಸಿದರೂ ದೊಡ್ಡ ಕಂದಕ ಉಳಿಯುತ್ತದೆ. ಅಂಥ ಮನೆಗೂ ಸ್ಲ್ಯಾಬೇ ಆಗಬೇಕೆಂದು ಹಟ ಹಿಡಿದರೆ ಸಾರಣೆ ಕಾಣದ ಗೋಡೆಗಳಲ್ಲಿ ಸಂಸಾರ ಮಾಡಬೇಕಾಗುತ್ತದೆ. ಅಂಥ ಮನೆಗಳು ಪ್ರತಿ ಗ್ರಾಮದಲ್ಲೂ ಇವೆ.

ಇನ್ನು ಗೋಡೆಯ ಕಲ್ಲಿನ ಮಾತಿಗೆ ಬರೋಣ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಊರುಗಳನ್ನು 1801ರಲ್ಲಿ ಒಂದೇ ಪಯಣದಲ್ಲಿ ಹಾದುಹೋದವನು ಫ್ರಾನ್ಸಿಸ್ ಬುಕಾನನ್. ಈಸ್ಟ್ ಇಂಡಿಯಾ ಕಂಪೆನಿಗಾಗಿ ನಾಡನ್ನು ಅಳೆಯಲು ಬಂದಿದ್ದ ಈ ವೈದ್ಯ ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರು ದಾಟಿ ಮೂಡುಬಿದಿರೆಗೆ ಬಂದ. ಈ ಕರಾವಳಿಯುದ್ದಕ್ಕೂ ಸಿಗುವ ಕೆಂಪುಕಲ್ಲಿಗೆ ಇಂದು ಜಗತ್ತಿನ ಭೂವಿಜ್ಞಾನಿಗಳು ಬಳಸುವ ಲ್ಯಾಟರೈಟ್ ಎಂಬ ಹೆಸರಿಟ್ಟವನೂ ಅವನೇ. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಇದರ ಗುಣ ಅವನನ್ನು ಬೆರಗುಗೊಳಿಸಿತ್ತು. ಸುಡಲು ಸೌದೆ ಬೇಡ, ದೂರದಿಂದ ತರಬೇಕಿಲ್ಲ. ಕಟ್ಟಿದ ಮೇಲೆ ಸಾರಣೆ ಮಾಡದಿದ್ದರೂ ನಡೆಯುತ್ತದೆ. ಈಗ ಕೋರೆಗಳಲ್ಲಿ ಯಂತ್ರದ ಗರಗಸ ಬಂದಿರುವುದರಿಂದ ಕಲ್ಲಿನ ಅಂಚು ನೇರವಾಗಿದೆ, ಗಾರೆಯೂ ಕಮ್ಮಿ ಸಾಕು.

ಗೋಡೆಯ ವಿಷಯದಲ್ಲಿ ಈ ತಾಲೂಕುಗಳು ಹಳೆಯ ಬುದ್ಧಿಯನ್ನು ಬಿಟ್ಟಿಲ್ಲ. ಎಂಥ ವಿಲ್ಲಾದ ಒಳಗೂ ಕೆಂಪುಕಲ್ಲೇ ಇದೆ. ಆದರೆ ಅದಕ್ಕೂ ಕಂಟಕ ಬಂತು. 2025ರ ಮಳೆಗಾಲದ ಹೊತ್ತಿಗೆ ಪರವಾನಗಿ, ರಾಜಧನದ ಬಿಕ್ಕಟ್ಟಿನಲ್ಲಿ ಜಿಲ್ಲೆಯ ಕೋರೆಗಳು ನಿಂತು, ಮರಳೂ ಸಿಗದೆ, ಅರ್ಧ ಎದ್ದ ಗೋಡೆಗಳು ಹಾಗೇ ಉಳಿದವು. ಮೇಸ್ತ್ರಿಗಳು, ಲಾರಿ ಚಾಲಕರು ಕೈಕಟ್ಟಿ ಕೂತರು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದದ್ದು ಕಟ್ಟುವವರಿಗೆ ಸ್ವಲ್ಪ ಉಸಿರು ಕೊಟ್ಟಿತು. ಕಲ್ಲು ತೆಗೆದು ಬಿಟ್ಟ ಹೊಂಡಗಳಲ್ಲಿ ಮಳೆನೀರು ತುಂಬಿ ಮಕ್ಕಳು ಜೀವ ಕಳೆದುಕೊಳ್ಳುವುದನ್ನು ನೆನೆದರೆ ಕೋರೆಗೆ ನಿಯಮ ಬೇಕೇ ಬೇಕು. ಆ ನಿಯಮ ಬಡವನ ಗೋಡೆಯನ್ನು ಅರ್ಧಕ್ಕೆ ನಿಲ್ಲಿಸದಂತಿರಬೇಕು.

ಮಾಡಿನ ಪಾಠಕ್ಕೆ ಮೂಡುಬಿದಿರೆಗೇ ಹೋಗಬೇಕು. 1430ರ ಸುಮಾರಿಗೆ ಎದ್ದ ಸಾವಿರ ಕಂಬದ ಬಸದಿಯ ಮುಂದೆ ನಿಂತರೆ ಬಯಲುಸೀಮೆಯ ಗೋಪುರವೂ ಇಲ್ಲ, ಸಮತಟ್ಟಾದ ಮಂಟಪವೂ ಇಲ್ಲ. ಒಂದರ ಮೇಲೊಂದು ಇಳಿಜಾರು ಮಾಡು. ಕೆಳಗೆ ಚಪ್ಪಡಿ ಕಲ್ಲುಗಳನ್ನೇ ಹಲಗೆಯ ಹಾಗೆ ಓರೆಯಾಗಿ ಹಾಸಿದ್ದಾರೆ. ಮೇಲಿನ ಅಂತಸ್ತಿನಲ್ಲಿ ಮರ. 19ನೇ ಶತಮಾನದ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಈ ಬಸದಿಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ. ಎಲ್ಲಿಯ ನೇಪಾಳ, ಎಲ್ಲಿಯ ತುಳುನಾಡು! ಹೋಲಿಕೆ ಎಲ್ಲಿಂದಲೇ ಬಂದಿರಲಿ, ನೀರು ಒಂದು ಗಳಿಗೆಯೂ ನಿಲ್ಲಬಾರದೆಂಬ ಹಟ ಎರಡೂ ಕಡೆ ಒಂದೇ. ಅಲ್ಲೇ ಹತ್ತಿರದ ಚೌಟ ಅರಸರ ಅರಮನೆಯ ಕಂಬಗಳಲ್ಲಿರುವ ನವನಾರಿಕುಂಜರ, ಪಂಚನಾರಿತುರಗದ ಕೆತ್ತನೆ ನೋಡಲು ಜನ ಬರುತ್ತಾರೆ. ಬಂದವರು ತಲೆಯೆತ್ತಿ ಆ ಕಂಬಗಳನ್ನು ನೂರಾರು ಮಳೆಗಾಲ ಕಾಯ್ದ ಮಾಡನ್ನೂ ನೋಡಬೇಕು.

ಮುಳಿಹುಲ್ಲಿನ ಮಾಡಿನಿಂದ ಹಂಚಿಗೆ ನಾಡು ದಾಟಿದ್ದು ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು, ದೋಣಿಯಲ್ಲಿ ಬಂದ ಸೌದೆ, ಯುರೋಪಿನ ಅಚ್ಚು ಸೇರಿ ಹುಟ್ಟಿದ ಹಂಚು ಪೂರ್ವ ಆಫ್ರಿಕಕ್ಕೂ ಆಸ್ಟ್ರೇಲಿಯಕ್ಕೂ ಹಡಗೇರಿತು. ಹೊರಗಿನ ವಿದ್ಯೆಯನ್ನು ನಮ್ಮ ಮಣ್ಣಿಗೂ ಮಳೆಗೂ ಒಗ್ಗಿಸಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಆ ಕಾರ್ಖಾನೆಗಳಲ್ಲಿ ಬಹಳಷ್ಟು ಈಗ ಮುಚ್ಚಿವೆ.

ಹಳೆಯ ಮನೆಯ ಬಗ್ಗೆ ಮಾತಾಡುವಾಗ ಗುತ್ತಿನ ಮನೆಯೊಂದೇ ಕಣ್ಣಿಗೆ ಕಟ್ಟಬಾರದು. ಹಲಸು, ಕಿರಾಲುಬೋಗಿಯ ಕಂಬ, ಚಾವಡಿ, ಮುಚ್ಚಿಗೆ, ಅಟ್ಟ, ಕಾವಿಯ ನೆಲ ಇವೆಲ್ಲ ಭೂಮಿಯಿದ್ದವರ ಸೊತ್ತು. ಗೇಣಿದಾರ ಮುಳಿ ಹುಲ್ಲಿನ ಕೆಳಗಿದ್ದ, ಅವನಿಗಿಂತ ಕೆಳಗಿನವನು ಸೊಪ್ಪಿನ ಗುಡಿಸಲಲ್ಲಿದ್ದ. 1974ರ ಭೂಸುಧಾರಣೆಯ ತಿದ್ದುಪಡಿಯಾಗಿ ಡಿಕ್ಲರೇಶನ್ ಕೊಟ್ಟು ಉಳುವ ಗದ್ದೆ ತನ್ನದಾದಾಗ ಅವನು ಮೊದಲು ಹಂಚು ಹೊದಿಸಿದ. ಮಗ ಕೊಲ್ಲಿಗೆ ಹೋದ ಮೇಲೆ ತಾರಸಿ ಕಟ್ಟಿದ. ತಾರಸಿಯ ಮನೆಯಲ್ಲಿ ತಲೆಯೆತ್ತಿ ನಿಂತ ಆ ಸಂಸಾರಗಳ ಹೆಮ್ಮೆಯನ್ನು ಹಗುರವಾಗಿ ಕಾಣುವ ಹಕ್ಕು ನನಗಾಗಲಿ ಇನ್ನಾರಿಗಾಗಲಿ ಇಲ್ಲ. ಅತ್ತ ಗೇಣಿ ನಿಂತ ಗುತ್ತಿನ ಮನೆಗಳು ದುರಸ್ತಿಗೆ ದುಡ್ಡಿಲ್ಲದೆ ಕುಸಿದವು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅಂಥ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ಉಳಿಸಿದ್ದನ್ನು ನೋಡಿದವರಿಗೆ ನಾವು ಎಷ್ಟು ಕಳೆದುಕೊಂಡೆವೆಂದು ತಿಳಿಯುತ್ತದೆ.

ಹಂಚಿನ ಮಾಡಿಗೂ ತನ್ನದೇ ಕಷ್ಟಗಳಿವೆ. ಪ್ರತಿ ವರ್ಷ ಮಳೆಗೆ ಮುಂಚೆ ಒಡೆದ ಹಂಚು ಬದಲಿಸಬೇಕು, ಮಾಡಿಗೆ ಹತ್ತುವ ಆಳು ಸಿಗುವುದಿಲ್ಲ. ಮಂಗಗಳ ಹಿಂಡು ಬಂದರೆ ಒಂದು ಬೆಳಗಿನಲ್ಲಿ ಐವತ್ತು ಹಂಚು ಚೂರು. ಒಳ್ಳೆಯ ಮರದ ದರ ಕೈಗೆಟುಕದು. ಹಳೆಯ ಆಚಾರಿಗಳ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ತಾರಸಿಯ ಉಪಯೋಗವೂ ಸಣ್ಣದಲ್ಲ. ಶೀಟಿನ ಕೆಳಗಿನ ತಾರಸಿ ಅಡಿಕೆ, ತೆಂಗಿನಕಾಯಿ ಒಣಗಿಸಲು, ಮಳೆಗಾಲದಲ್ಲಿ ಬಟ್ಟೆ ಹರವಲು, ಮನೆಯ ಕಾರ್ಯಕ್ರಮಕ್ಕೆ ಬಡಿಸಲು ಆಗುತ್ತದೆ. ಬೆಳೆಗಾರನಿಗೆ ಅದು ಎರಡನೆಯ ಅಂಗಳ. ಆ ಲೆಕ್ಕ ಹಾಕಿಯೇ ಎರಡು ಮಾಡು ಕಟ್ಟುವವರ ಬಗ್ಗೆ ನನ್ನ ತಕರಾರಿಲ್ಲ. ನೋವಾಗುವುದು, ಬೇರೆ ದಾರಿಯೇ ಇಲ್ಲವೆಂದು ನಂಬಿ ಸಾಲ ಮಾಡುವವರನ್ನು ಕಂಡಾಗ.

ದಾರಿಗಳು ಇವೆ, ನಮ್ಮ ಹಾಗೆ ಮಳೆ ಕಾಣುವ ನೆರೆಹೊರೆಯಲ್ಲೇ ಇವೆ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಸುಕ್ಕುಗಟ್ಟಿದ ಸಿಮೆಂಟ್ ಶೀಟಿನ ಮೇಲೆ ನಾಡಹಂಚನ್ನು ಕೂರಿಸಿದರು. ಹಂಚು ಒಡೆದರೂ ಶೀಟು ನೀರು ತಡೆಯುತ್ತದೆ, ಶೀಟಿನ ಕಾವನ್ನು ಹಂಚು ತಡೆಯುತ್ತದೆ. ಅವರು ಬಳಸಿದ ಕಲ್ನಾರಿನ ಶೀಟು ಆರೋಗ್ಯಕ್ಕೆ ಕೆಡುಕೆಂದು ಈಗ ಗೊತ್ತಾಗಿದೆ, ಆದರೆ ಉಪಾಯ ಹಾಗೇ ನಿಂತಿದೆ. ಕೇರಳದಲ್ಲಿ ಲಾರಿ ಬೇಕರ್ ಸ್ಲ್ಯಾಬಿನ ಕೆಳಭಾಗದಲ್ಲಿ, ಕಾಂಕ್ರೀಟು ಅಷ್ಟೇನೂ ಕೆಲಸ ಮಾಡದ ಜಾಗದಲ್ಲಿ ಹಳೆಯ ಮಂಗಳೂರು ಹಂಚುಗಳನ್ನೇ ತುಂಬಿ ಸಿಮೆಂಟು, ಕಬ್ಬಿಣ ಉಳಿಸಿದರು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಕಟ್ಟಡಗಳು ಅವರ ಕೈಗುಣಕ್ಕೆ ಸಾಕ್ಷಿ. ನಮ್ಮಲ್ಲೇ ಕೆಲವರು ಮರದ ಬದಲು ಕಬ್ಬಿಣದ ಪೈಪಿನ ಚೌಕಟ್ಟು ಮಾಡಿಸಿ, ಕೆಳಗೆ ಸೀಲಿಂಗ್ ಹಂಚು ಮೇಲೆ ಮಂಗಳೂರು ಹಂಚು ಹಾಕಿಸುತ್ತಿದ್ದಾರೆ. ಒರಲೆಯ ಹೆದರಿಕೆಯಿಲ್ಲ. ಎರಡು ಹಂಚಿನ ನಡುವಿನ ಗಾಳಿ ಏಪ್ರಿಲ್ ತಿಂಗಳ ಸೆಕೆಯನ್ನು ಕೋಣೆಗಿಳಿಯಲು ಬಿಡುವುದಿಲ್ಲ. ಕೆಡವಿದ ಮನೆಗಳ ಹಳೆಯ ಹಂಚು ಇಂದಿಗೂ ಮಾರಾಟಕ್ಕೆ ಸಿಗುತ್ತದೆ. ಜರ್ಮನಿಯವರು ಮನೆ ಮಾರುವಾಗ ಅದು ಎಷ್ಟು ಶಕ್ತಿ ತಿನ್ನುತ್ತದೆಂಬ ಪ್ರಮಾಣಪತ್ರ ತೋರಿಸಬೇಕು. ರಾತ್ರಿಯಿಡೀ ಕಾವು ಉಗುಳುವ ನಮ್ಮ ಸ್ಲ್ಯಾಬಿನ ಕೆಳಗೆ ಮಲಗುವವರು ಆ ಲೆಕ್ಕವನ್ನು ಕರೆಂಟ್ ಬಿಲ್ಲಿನಲ್ಲಿ ಕಟ್ಟುತ್ತಿದ್ದಾರೆ.

ಮಾಡಿಗಿಂತ ಮೊದಲು ನೋಡಬೇಕಾದ್ದು ಜಾಗ. ಬಂಟ್ವಾಳ ಪೇಟೆ 1923ರಲ್ಲೂ 1974ರಲ್ಲೂ ನೇತ್ರಾವತಿಯ ನೆರೆಯಲ್ಲಿ ಮುಳುಗಿದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದಂಚಿನ ಹಳ್ಳಿಗಳಲ್ಲಿ ಗುಡ್ಡ ಜರಿದು, ತೋಟ ಮನೆಗಳ ಮೇಲೆ ಮರದ ದಿಮ್ಮಿ, ಕೆಸರು ಹರಿಯಿತು. ಗುಡ್ಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ಸಮತಟ್ಟು ಮಾಡಿ ಕಟ್ಟಿದ ಮನೆಗೆ ಯಾವ ದೇಶದ ತಂತ್ರವೂ ಆಸರೆಯಾಗದು. ಹಿಂದಿನವರು ಗುಡ್ಡದ ಬೆನ್ನು ಮುರಿಯದೆ ಮೆಟ್ಟಿಲು ಮೆಟ್ಟಿಲಾಗಿ ಅಂಗಳ ಮಾಡಿಕೊಂಡದ್ದು ಆಳು ಸಾಲದೆ ಇದ್ದಿರಬಹುದು. ಅದು ಉಳಿಸಿದ ಜೀವಗಳು ಮಾತ್ರ ನಿಜ.

ಮನೆ ಕಟ್ಟಲು ಹೊರಟವರಲ್ಲಿ ನನ್ನದೊಂದು ಕೋರಿಕೆ. ಪಂಚಾಂಗ ಹಾಕುವ ಮೊದಲು ಇಂಜಿನಿಯರರಿಂದ ಒಂದರ ಬದಲು ಎರಡು ಅಂದಾಜು ಪಟ್ಟಿ ಬರೆಸಿಕೊಳ್ಳಿ. ಮೊದಲನೆಯದರಲ್ಲಿ ಸ್ಲ್ಯಾಬು, ಅದರ ಮೇಲಿನ ಶೀಟು, ಮುಂದಿನ ಇಪ್ಪತ್ತೈದು ವರ್ಷದ ಬಣ್ಣ, ದುರಸ್ತಿ ಎಲ್ಲವೂ ಇರಲಿ. ಎರಡನೆಯದರಲ್ಲಿ ಕಬ್ಬಿಣದ ಚೌಕಟ್ಟಿನ ಹಂಚಿನ ಮಾಡು, ಸೀಲಿಂಗ್ ಹಂಚು, ಮೂರು ಅಡಿ ಚಾಚಿದ ಇಳಿಕೆ, ಪ್ರತಿವರ್ಷದ ಹಂಚು ಬದಲಿಸುವ ಕೂಲಿ ಇರಲಿ. ಬ್ಯಾಂಕಿಗೆ ಹೋಗುವ ಮುನ್ನ ಅವೆರಡನ್ನೂ ಮನೆಮಂದಿಯೆಲ್ಲ ಕೂತು ಓದಿ, ಆಮೇಲೆ ತೀರ್ಮಾನ ಮಾಡಿ.